ಸವಳು ನೀರಿನಲ್ಲಿ ಬಟ್ಟೆ ಒಗೆಯುವುದು: ಪುಡಿಯ ಖರ್ಚು ಇಳಿಸಿದವರು ಹೇಳಿ

ಸಾಗರದಿಂದ ಕಲಬುರಗಿಗೆ ವರ್ಗವಾಗಿ ಬಂದು ಎಂಟು ತಿಂಗಳಾಯಿತು. ಬಾಡಿಗೆ ಮನೆ, ಬೋರ್ ನೀರು. ಊರಲ್ಲಿ ಒಂದು ಚಮಚ ಪುಡಿಗೆ ಬಕೆಟ್ ತುಂಬ ನೊರೆ ಏಳುತ್ತಿತ್ತು. ಇಲ್ಲಿ ಮೂರು ಚಮಚ ಸುರಿದರೂ ಹೇಳಿಕೊಳ್ಳುವಂಥ ನೊರೆಯಿಲ್ಲ. ಬಿಳಿ ಅಂಗಿಗಳು ಬೂದು ಬಣ್ಣಕ್ಕೆ ತಿರುಗಿವೆ, ಟವೆಲ್ ಒಣಗಿದರೆ ಹಪ್ಪಳ. ಉಳಿತಾಯವಾಗಲಿ ಎಂದು ಬಾರ್ ಸಾಬೂನು ತುರಿದು, ಸೋಡಾ ಬೆರೆಸಿ ಮನೆಯಲ್ಲೇ ಪುಡಿ ಮಾಡಿದೆ. ನೀರು ಒಡೆದ ಹಾಲಿನಂತಾಯಿತು, ಬಟ್ಟೆ ಇನ್ನಷ್ಟು ಹಾಳಾಯಿತು. ಈ ನೀರಿನಲ್ಲೇ ಸಂಸಾರ ಮಾಡಿದವರು ದಾರಿ ತೋರಿಸಬೇಕು.

ಶಹಾಬಾದಿನಿಂದ

ತಂಗಿ, ನೀವು ಮಾಡಿದ ತಪ್ಪನ್ನೇ ನಾನೂ ಮಾಡಿದ್ದೇನೆ, ಒಂದಿಡೀ ಡಬ್ಬಿ ಮಾಡಿಟ್ಟು ಕಡೆಗೆ ಅಂಗಳ ತೊಳೆಯಲು ಬಳಸಿದೆ. ತುರಿದ ಸಾಬೂನಿನ ಪುಡಿ ಮಲೆನಾಡಿನ ಮೆತ್ತನೆಯ ನೀರಿಗೆ ಸರಿ. ನಮ್ಮ ನೀರಿನಲ್ಲಿರುವ ಸುಣ್ಣದ ಅಂಶ ಸಾಬೂನಿಗೆ ಅಂಟಿಕೊಂಡು ಜಿಗುಟು ಗಸಿಯಾಗುತ್ತದೆ. ನೀವು ಕಂಡ ಒಡೆದ ಹಾಲು ಅದೇ. ಅದು ನೂಲಿನಲ್ಲಿ ಕೂತು ಬಿಳಿಯನ್ನು ಬೂದು ಮಾಡುತ್ತದೆ. ಅಂಗಡಿಯ ಡಿಟರ್ಜೆಂಟ್ ಪುಡಿ ಅಷ್ಟು ಬೇಗ ಸೋಲುವುದಿಲ್ಲ. ಆದ್ದರಿಂದ ಪುಡಿ ಮಾಡುವ ಆಸೆ ಬಿಡಿ, ಮೊದಲು ನೀರನ್ನು ಪಳಗಿಸಿ.

ನಾನು ಮಾಡುವುದು ಇಷ್ಟೇ. ರಾತ್ರಿಯೇ ಬೋರ್ ನೀರಿನ ಬಕೆಟ್‌ಗೆ ಒಂದು ದೊಡ್ಡ ಚಮಚ ಬಟ್ಟೆ ಸೋಡಾ ಹಾಕಿ ಕಲಕಿ ಬಿಡುತ್ತೇನೆ. ಕಿರಾಣಿ ಅಂಗಡಿಯಲ್ಲಿ ವಾಷಿಂಗ್ ಸೋಡಾ ಎಂದು ಕೇಳಿ, ಅಡುಗೆ ಸೋಡಾ ಬೇರೆ, ಅದಕ್ಕೆ ಈ ಶಕ್ತಿಯಿಲ್ಲ. ಕಲಕಿದಾಗ ನೀರು ಮಬ್ಬಾಗುತ್ತದೆ. ಬೆಳಿಗ್ಗೆ ನೋಡಿದರೆ ತಳದಲ್ಲಿ ಹಿಟ್ಟಿನಂಥ ಬಿಳಿ ಗಸಿ ಕೂತಿರುತ್ತದೆ, ಬೆರಳಿಗೆ ಹಚ್ಚಿ ಉಜ್ಜಿದರೆ ನುಣ್ಣಗೆ ರಂಗೋಲಿ ಪುಡಿಯಂತೆ. ಅಷ್ಟೂ ನಿಮ್ಮ ಬಟ್ಟೆಯಲ್ಲಿ ಸೇರುತ್ತಿತ್ತು ಎಂದುಕೊಳ್ಳಿ. ಗಸಿ ಕದಡದಂತೆ ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್‌ಗೆ ಬಗ್ಗಿಸಿ, ಆಮೇಲೆ ಪುಡಿ ಹಾಕಿ. ಸೋಡಾ ಎಷ್ಟು ಬೇಕೆಂಬುದು ಬೋರಿನಿಂದ ಬೋರಿಗೆ ಬದಲಾಗುತ್ತದೆ. ಪರೀಕ್ಷೆಗೆ ಒಂದು ಬಾಟಲಿಯಲ್ಲಿ ಅರ್ಧ ತಿಳಿ ನೀರು ಹಿಡಿದು, ಉಗುರಿನಷ್ಟು ಸಾಬೂನು ಹಾಕಿ ಅಲುಗಾಡಿಸಿ. ನೊರೆ ನಿಂತರೆ ಸಾಕು, ಮೊಸರು ಕಟ್ಟಿದರೆ ಸೋಡಾ ಸ್ವಲ್ಪ ಹೆಚ್ಚಿಸಿ. ನಮ್ಮ ಐದು ಜನರ ಮನೆಗೆ ತಿಂಗಳಿಗೆ ಮೂರು ಕಿಲೋ ಪುಡಿ ಹೋಗುತ್ತಿದ್ದುದು ಈಗ ಒಂದೂವರೆಗೆ ಇಳಿದಿದೆ.

ನಳಕ್ಕೆ ನದಿ ನೀರು ಬಿಡುವ ದಿನ ಎರಡು ಕೊಡ ಎತ್ತಿಡಿ, ಕೊನೆಯ ಸಲ ಜಾಲಿಸಲು ಮಾತ್ರ. ಟವೆಲ್ ಹಪ್ಪಳವಾಗುವುದು ಹೆಚ್ಚಾಗಿ ಆ ಕೊನೆಯ ಬೋರ್ ನೀರಿನಿಂದ. ನಳದ ನೀರು ಸಿಗದಿದ್ದರೆ ಜಾಲಿಸುವ ಬಕೆಟ್‌ಗೆ ಅರ್ಧ ಲೋಟ ಬಿಳಿ ವಿನೆಗರ್ ಬೆರೆಸಿ. ಸೋಡಾದ ಜೊತೆಗೆ ಮಾತ್ರ ಬೆರೆಸಬೇಡಿ. ಬುಸ್ಸೆಂದು ಉಕ್ಕುವುದು ನೋಡಲು ಚೆಂದ, ಆದರೆ ಒಂದನ್ನೊಂದು ಕೊಂದುಹಾಕಿ ಎರಡೂ ದಂಡವಾಗುತ್ತವೆ.

ಇನ್ನೊಂದು ಮಾತು. ವಿನೆಗರ್ ಅಥವಾ ನಿಂಬೆರಸ ತಾಗಿದ ಬಟ್ಟೆಯನ್ನು ನಮ್ಮೂರ ಕಲ್ಲಿನ ಮೇಲೆ ಇಡಬೇಡಿ. ಶಹಾಬಾದ್ ಕಲ್ಲೆಂದರೆ ಸುಣ್ಣದ ಕಲ್ಲು, ಹುಳಿ ಅದನ್ನು ತಿನ್ನುತ್ತದೆ. ನಿಂಬೆ ಹಚ್ಚಿದ ಮಗನ ಅಂಗಿಯನ್ನು ಪಾಲಿಶ್ ಹಾಸಿನ ಮೇಲೆ ಗಳಿಗೆ ಹೊತ್ತು ಬಿಟ್ಟಿದ್ದೆ. ಕಾಲರ್ ಶುಭ್ರವಾಯಿತು, ಹಾಸಿನ ಮೇಲೆ ಕಾಲರಿನ ಆಕಾರದಲ್ಲಿ ಬಿಳಚಿದ ಕಲೆ ಉಳಿಯಿತು. ಆರು ವರ್ಷವಾಯಿತು, ಇನ್ನೂ ಇದೆ.

ಬೀದರಿನಿಂದ

ಅಕ್ಕ, ನಮ್ಮ ಕಡೆ ಕಾಟ ಕೆಂಪು ಮಣ್ಣಿನದು. ಮಕ್ಕಳು ಆಡಿ ಬಂದರೆ ಸಮವಸ್ತ್ರವೆಲ್ಲ ಕೆಂಪು. ಹಸಿಯಾಗಿ ಉಜ್ಜಿದಷ್ಟೂ ಒಳಗಿಳಿಯುತ್ತದೆ, ಒಣಗಲು ಬಿಟ್ಟು ಕೊಡವಿ, ಆಮೇಲೆ ನೆನೆಹಾಕಿ. ಬ್ಲೀಚ್ ಹಾಕಿದರೆ ಹೋದೀತು ಎಂದು ನಾನು ಒಂದು ಬಿಳಿ ಲಂಗ ಬಲಿಕೊಟ್ಟೆ. ಈ ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು, ಕಬ್ಬಿಣದ ಕಲೆಯನ್ನು ಬ್ಲೀಚ್ ಇನ್ನಷ್ಟು ಗಟ್ಟಿ ಮಾಡುತ್ತದೆ. ಉಳಿದ ಕಲೆಗೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ತೊಳೆಯಿರಿ, ಬಿಳಿ ಹತ್ತಿ ಬಟ್ಟೆಗೆ ಮಾತ್ರ.

ಬ್ಲೀಚ್ ಮಾತು ಬಂತಲ್ಲ, ಅದನ್ನು ವಿನೆಗರ್‌ಗಾಗಲಿ ಬಚ್ಚಲು ತೊಳೆಯುವ ಆಸಿಡ್‌ಗಾಗಲಿ ಬೆರೆಸಬೇಡಿ. ಕ್ಲೋರಿನ್ ಗಾಳಿ ಏಳುತ್ತದೆ, ಮುಚ್ಚಿದ ಬಚ್ಚಲುಮನೆಯಲ್ಲಿ ಪ್ರಾಣಕ್ಕೇ ಕುತ್ತು.

ಸುರಪುರದಿಂದ

ತಾಯಿ, ಸೋಡಾ ನೀರಿಗೆ ರೇಷ್ಮೆ, ಉಣ್ಣೆ ತೋರಿಸಬೇಡಿ. ನನ್ನ ಹೆಂಡತಿಯ ಇಳಕಲ್ ಸೀರೆಗಳ ಸೆರಗು ರೇಷ್ಮೆಯದು, ಅವುಗಳಿಗೆ ಅಂಟುವಾಳವೇ. ಹತ್ತು ಹನ್ನೆರಡು ಕಾಯಿ ಒಡೆದು, ಬೀಜ ತೆಗೆದು, ಸಿಪ್ಪೆ ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿದರೆ ಆಯಿತು. ಈ ನೀರಿನಲ್ಲೂ ಮೊಸರು ಕಟ್ಟುವುದಿಲ್ಲ. ಎರಡು ದಿನ ಇಟ್ಟರೆ ನಾರುತ್ತದೆ, ಬೇಕಾದಷ್ಟೇ ಮಾಡಿ. ಮೊದಲ ಸಲ ಸೆರಗಿನ ಕೆಂಪು ಬಿಡುತ್ತದೆಯೇ ಎಂದು ಒಂದು ಮೂಲೆಯಲ್ಲಿ ನೋಡಿಕೊಳ್ಳಿ.

ನಮ್ಮ ಅಜ್ಜಿಯ ಕಾಲದಲ್ಲಿ ಸೋಡಾಕ್ಕೆ ದುಡ್ಡೂ ಕೊಡುತ್ತಿರಲಿಲ್ಲ, ಹಳ್ಳದ ದಂಡೆಯ ಚೌಳು ಮಣ್ಣು ತರುತ್ತಿದ್ದರು. ಕಲ್ಯಾಣದಲ್ಲಿ ಶರಣರ ಬಟ್ಟೆ ಮಡಿ ಮಾಡಿದ ಮಾಚಯ್ಯನವರ ಕೈಯಲ್ಲಿಯೂ ಇಂಥದೇ ಮಣ್ಣು ಇದ್ದಿರಬೇಕು, ಇದು ನನ್ನ ಊಹೆ.

ಸೇಡಂನಿಂದ

ಅರಿಶಿನದ ಕಲೆಗೆ ಸೋಡಾ ನೀರು ತಾಗಿದರೆ ರಕ್ತದಂತೆ ಕೆಂಪಾಗುತ್ತದೆ. ಗಾಬರಿಯಾಗಬೇಡಿ, ತೊಳೆದು ಬಿಸಿಲಿಗೆ ಹರವಿ, ನಮ್ಮ ಬೇಸಿಗೆ ಎರಡು ದಿನದಲ್ಲಿ ಅದನ್ನು ನುಂಗುತ್ತದೆ. ಬಣ್ಣದ ಬಟ್ಟೆ ಮಾತ್ರ ತಿರುವಿ ನೆರಳಿಗೆ ಹಾಕಿ, ಇಲ್ಲವಾದರೆ ಬಿಸಿಲು ಅದನ್ನೂ ನುಂಗುತ್ತದೆ.

ಕೇಳಿದವಳಿಂದ

ಎಲ್ಲರಿಗೂ ಶರಣು. ಬಾಟಲಿ ಪರೀಕ್ಷೆ ಮಾಡಿದೆ, ನಮ್ಮ ಬೋರ್ ನೀರಿಗೆ ಒಂದು ಚಮಚ ಸಾಲದು, ಒಂದೂವರೆ ಬೇಕು. ಅಂಗಿಗಳನ್ನು ಬಿಸಿ ಮಾಡಿದ ತಿಳಿ ನೀರಿಗೆ ಇನ್ನಷ್ಟು ಸೋಡಾ ಬೆರೆಸಿ ರಾತ್ರಿಯಿಡೀ ನೆನೆಸಿದ್ದೆ. ಬೆಳಿಗ್ಗೆ ಹಿಂಡಿದಾಗ ಬಂದ ನೀರು ಪಾತ್ರೆ ತೊಳೆದ ನೀರಿನಂತಿತ್ತು. ಎರಡು ಅಂಗಿ ಬಿಳಿಯಾದವು, ಮೂರನೆಯದು ಹಾಗೇ ಇದೆ. ಟವೆಲ್ ಈಗ ಮಡಚಲು ಬರುತ್ತದೆ.

ಶಹಾಬಾದಿನ ಅಕ್ಕನವರಲ್ಲಿ ಒಂದು ಪ್ರಶ್ನೆ. ನಿಮ್ಮ ಉತ್ತರ ಪೂರ್ತಿ ಓದುವ ಮೊದಲೇ ವಿನೆಗರ್ ಬಾಟಲಿ ಮಾಲೀಕರ ಹಾಸಿನ ಮೇಲೆ ಚೆಲ್ಲಿಬಿಟ್ಟೆ. ಅಂಗೈಯಗಲ ಕಲೆ. ಉಜ್ಜಿದರೆ ಹೋಗುತ್ತದೆಯೇ?

ಶಹಾಬಾದಿನಿಂದ

ಹೋಗುವುದಿಲ್ಲ ತಂಗಿ, ಮತ್ತೆ ಪಾಲಿಶ್ ಹಿಡಿಸಬೇಕು. ಸದ್ಯಕ್ಕೆ ಸೋಡಾ ನೀರಿನ ಬಕೆಟ್ ಅಲ್ಲೇ ಇಡಿ.