ಸ್ವಂತ ಡಿಸೈನ್‌ನ ಕಾನ್ಸೆಪ್ಟ್ ಡ್ರೆಸ್: ನಾನೇ ಹೊಲಿಯಲಾ, ಟೇಲರ್‌ಗೆ ಕೊಡಲಾ?

ಕೊನೇ ವರ್ಷ: ಫ್ಯಾಷನ್ ಡಿಸೈನ್ ಓದುತ್ತಿದ್ದೇನೆ. ನನ್ನ ವಿಷಯ ‘ಹೊತ್ತ ಭಾರ’. ಮೇಲೆ ಆರ್ಗಾನ್ಜಾ (ಒಳಗಿನದು ಕಾಣುವ ತೆಳು, ಬಿರುಸು ಬಟ್ಟೆ), ಒಳಗೆ ಬೆನ್ನಿಂದ ಸೊಂಟದವರೆಗೆ ಉಬ್ಬಿದ ಗಂಟುಗಳು. ಮನೆಯಲ್ಲಿರುವುದು ಸಾದಾ ಮಷೀನು. ನಾನೇ ಹೊಲಿಯಲಾ, ಟೇಲರ್ ಹತ್ತಿರ ಹೊಲಿಸಲಾ? ಮಾಡಿದವರು ಹೇಳಿ.

ಬಯಾಸ್ ಪ್ರೇಮಿ: ನಾನೇ ಹೊಲಿದೆ, ಇವತ್ತಿಗೂ ಹೆಮ್ಮೆ ಇದೆ. ನನ್ನದು ಪೂರ್ತಿ ಬಯಾಸ್ ಕಟ್, ಅಂದ್ರೆ ಬಟ್ಟೆಯನ್ನು ಎಳೆಗೆ ಓರೆಯಾಗಿ ಕತ್ತರಿಸಿದ್ದು. ಬಟ್ಟೆ ಎಷ್ಟು ತಿನ್ನುತ್ತದೆ ಅಂತ ಕೇಳಲೇಬೇಡಿ. ನೇರ ಗ್ರೇನ್‌ಗೆ, ಅಂದ್ರೆ ಎಳೆಯ ನೇರಕ್ಕೆ ಕತ್ತರಿಸಿದ್ದರೆ, 3 ಮೀಟರ್ ಸಾಕಿತ್ತು, ನನಗೆ 5 ಮೀಟರ್ ಹೋಯಿತು, ಉಳಿದ ತ್ರಿಕೋನದ ತುಂಡುಗಳು ಇನ್ನೂ ಚೀಲದಲ್ಲಿ ಬಿದ್ದಿವೆ, ಎಸೆಯಲು ಮನಸ್ಸಿಲ್ಲ. ಹೊಲಿದು ರಾತ್ರಿ ನೇತು ಹಾಕಿದ್ದೆ. ಬೆಳಗ್ಗೆ ನೋಡಿದರೆ ಒಂದು ಪಕ್ಕ ನಾಲ್ಕು ಬೆರಳು ಇಳಿದಿದೆ. ಬಯಾಸ್ ಅಂದ್ರೆ ಹಾಗೇನೇ, ಜೋತು ಬಿದ್ದ ಮೇಲೆಯೇ ಅಂಚು ಕತ್ತರಿಸಬೇಕು. ಡಮ್ಮಿಗೆ ಹಾಕಿ, ನೆಲದಿಂದ ಸ್ಕೇಲ್ ನಿಲ್ಲಿಸಿ, ಸುತ್ತಲೂ ಪಿನ್ ಚುಚ್ಚುತ್ತಾ ಮಂಡಿ ಸವೆಯಿತು. ಟೇಲರ್ ಇಷ್ಟು ತಲೆ ಕೆಡಿಸಿಕೊಳ್ತಾರಾ?

ಎಡ ಭುಜ: ತಲೆ ಕೆಡಿಸಿಕೊಂಡರೂ ಕಷ್ಟ ಕಣ್ರೀ! ನನ್ನ ಡಿಸೈನ್‌ನಲ್ಲಿ ಎಡ ಭುಜ ಬೇಕಂತಲೇ ಇಳಿದಿತ್ತು, ಇಡೀ ಐಡಿಯಾನೇ ಅದು. ಟೇಲರ್ ಎರಡೂ ಭುಜ ಸಮ ಮಾಡಿ, ‘ಕಾಗದದ ಪ್ಯಾಟರ್ನ್‌ನಲ್ಲಿ ತಪ್ಪಿತ್ತು, ಸರಿ ಮಾಡಿದ್ದೇನೆ’ ಅಂತ ಖುಷಿಯಿಂದ ಕೊಟ್ಟರು. ಬಿಚ್ಚೋಣ ಅಂದ್ರೆ ಹೊಲಿಗೆಯ ಆಚೆ ಬಿಟ್ಟಿದ್ದ ಒಂದೂವರೆ ಸೆಂಟಿಮೀಟರ್ ಅಲವೆನ್ಸನ್ನು ಅರ್ಧಕ್ಕೆ ಕತ್ತರಿಸಿ ಅಂಚಿಗೆ ಓವರ್‌ಲಾಕ್ ಬೇರೆ ಹೊಡೆದಿದ್ದರು. ಬಟ್ಟೆ ಮತ್ತೆ ತರೋಣ ಅಂದ್ರೆ ಆ ಬಣ್ಣ ಮುಗಿದಿತ್ತು.

ಕತ್ತರಿ ಕೈ: ಅದಕ್ಕೆ ಟೇಲರ್ ಏನು ಮಾಡ್ತಾರೆ? ಪ್ಯಾಟರ್ನ್ ಮೇಲೆ ‘ಎಡ’, ‘ಬಲ’ ಅಂತ ಬರೆದಿದ್ರಾ? ಮೊದಲು ಮಸ್ಲಿನ್‌ನಲ್ಲಿ (ಸಾದಾ ಕಾಟನ್) ಮಾದರಿ ಹೊಲಿದು ತೋರಿಸಿದ್ರಾ? ನಾನು ಹೊರಗೆ ಕೊಟ್ಟೇ ಹೊಲಿಸಿದೆ, ಮಸ್ಲಿನ್ ಜೊತೆಗೆ ಕೊಟ್ಟೆ, ಒಂದು ಗೆರೆ ಆಚೀಚೆ ಆಗಲಿಲ್ಲ. ಜಪಾನಿನ ಡಿಸೈನರ್ ರೇ ಕವಾಕುಬೋ ಫ್ಯಾಷನ್ ಕಾಲೇಜಿಗೇ ಹೋದವರಲ್ಲ, ಪ್ಯಾಟರ್ನ್ ಮಾಡುವವರ ಕೈಯಲ್ಲಿ ಮಾಡಿಸುತ್ತಾರೆ. 1997ರ ಬೇಸಿಗೆ ಕಲೆಕ್ಷನ್‌ನಲ್ಲಿ ಅವರು ತೋರಿಸಿದ ಗಂಟುಗಂಟಿನ ಡ್ರೆಸ್‌ಗಳನ್ನು ಅವರೇ ಕೂತು ಹೊಲಿದರು ಅಂದುಕೊಂಡಿದ್ದೀರಾ?

ಎಡ ಭುಜ: ಬರೆದಿದ್ದೆ. ದಪ್ಪ ಕೆಂಪು ಪೆನ್ನಲ್ಲಿ.

ಬಯಾಸ್ ಪ್ರೇಮಿ: ಕವಾಕುಬೋಗೆ ಸ್ವಂತ ಕಂಪನಿ ಇದೆ ಸ್ವಾಮಿ. ವಿದ್ಯಾರ್ಥಿಗೆ ಏನಿದೆ, ಒಂದು ಮಷೀನು, ಹೊಲಿಗೆ ಬಿಚ್ಚೋಕೆ ಒಂದು ಸೀಮ್ ರಿಪ್ಪರ್.

ಬಾಬಿನ್ ಖಾಲಿ: ನಿಮ್ಮ ಜಗಳ ಆಮೇಲೆ. ನಾನೂ ಆರ್ಗಾನ್ಜಾ ಮೇಲೆ ಕೂತವಳು. ಸಾದಾ ಮಷೀನ್ ಮೊದಲ ಹೊಲಿಗೆಯಲ್ಲೇ ಬಟ್ಟೆಯನ್ನು ಪ್ಲೇಟ್ ಒಳಗೆ ಎಳೆದುಕೊಂಡಿತು. 70ರ ತೆಳು ಹೊಸ ಸೂಜಿ ಹಾಕಿ, ಅಡಿಗೆ ಟಿಶ್ಯೂ ಪೇಪರ್ ಇಟ್ಟು ಹೊಲಿದ ಮೇಲೆ ದಾರಿಗೆ ಬಂತು. ಒಳಗಿನದೆಲ್ಲಾ ಕಾಣುತ್ತೆ ಅಂತ ಎಲ್ಲಾ ಕಡೆ ಕತ್ತರಿಸಿದ ಅಂಚು ಮುಚ್ಚುವ ಫ್ರೆಂಚ್ ಸೀಮ್. ಅಂದ್ರೆ ಒಂದೊಂದು ಜೋಡಣೆಯನ್ನೂ ಎರಡೆರಡು ಸಲ ಹೊಲಿಯಬೇಕು. ಹತ್ತಿಯಂಥ ವ್ಯಾಡಿಂಗ್ ತುಂಬಿದ ಉಬ್ಬುಗಳನ್ನು ಆರ್ಗಾನ್ಜಾಗೇ ಟಾಕಿ ಹಾಕಿದ್ದೆ, ಭಾರಕ್ಕೆ ಕುತ್ತಿಗೆ ಹಿಂದಕ್ಕೆ ಜಗ್ಗಿ ಮುಂದಿನ ಅಂಚು ಗಂಟಲು ಹಿಡಿಯಿತು. ಎಲ್ಲಾ ಬಿಚ್ಚಿ, ಗಟ್ಟಿ ಕಾಟನ್‌ನ ಬೇರೆ ಒಳರವಿಕೆ ಹೊಲಿದು, ಅದಕ್ಕೆ ಉಬ್ಬು ಕೂರಿಸಿ, ಸೊಂಟಕ್ಕೆ ಒಳಪಟ್ಟಿ ಕಟ್ಟಿದ ಮೇಲೆ ಭುಜ ಹಗುರವಾಯಿತು. ಬಿಚ್ಚುವಾಗ ಸೂಜಿ ಹೋದಲ್ಲೆಲ್ಲಾ ತೂತು ಉಳಿಯಿತು. ಆರ್ಗಾನ್ಜಾ ಏನನ್ನೂ ಮರೆಯಲ್ಲ.

ಕತ್ತರಿ ಕೈ: ಫ್ರೆಂಚ್ ಸೀಮ್ ಎಲ್ಲಾ ಯಾರು ನೋಡ್ತಾರೆ? ಡಿಸೈನರ್ ಹುಸೇನ್ ಚಲಾಯನ್ 1993ರಲ್ಲಿ ಕೊನೇ ವರ್ಷದ ಬಟ್ಟೆಗಳನ್ನು ಕಬ್ಬಿಣದ ಪುಡಿ ಹಾಕಿ ಮಣ್ಣಲ್ಲಿ ಹೂತು, ಆಮೇಲೆ ತೆಗೆದು ತೋರಿಸಿದರು. ಐಡಿಯಾ ಮುಖ್ಯ.

ಬಾಬಿನ್ ಖಾಲಿ: ಅವರು ಹೂತರು ಅಂತ ನೀವು ದಾರ ನೇತಾಡಿಸಿಕೊಂಡು ಹೋಗ್ತೀರಾ? ನನ್ನ ಜ್ಯೂರಿ (ಡ್ರೆಸ್ ನೋಡಿ ಅಂಕ ಕೊಡುವವರು) ಮೊದಲು ಮಾಡಿದ್ದೇ ಡ್ರೆಸ್ ಒಳಮಗ್ಗುಲು ಮಾಡಿದ್ದು.

ಎಡ ಭುಜ: ನನ್ನ ಜ್ಯೂರಿ ‘ಫಿಟಿಂಗ್ ಚೆನ್ನಾಗಿದೆ’ ಅಂದರು. ಅದಕ್ಕಿಂತ ಬೈದಿದ್ದರೆ ಎಷ್ಟೋ ವಾಸಿ.

ಕೊನೇ ವರ್ಷ: ನನ್ನದು ಪಾಲಿಯೆಸ್ಟರ್ ಆರ್ಗಾನ್ಜಾ, ತೊಂದರೆ ಇಲ್ಲ ಅಲ್ವಾ?

ಬಯಾಸ್ ಪ್ರೇಮಿ: ಅಯ್ಯೋ, ರೇಷ್ಮೆಯದ್ದೇ ತಗೊಳ್ಳಿ. ಪಾಲಿಯೆಸ್ಟರ್‌ಗೆ ಬಿಸಿ ಇಸ್ತ್ರಿ ಇಟ್ಟರೆ ಕರಗಿ ತಳಕ್ಕೆ ಅಂಟುತ್ತೆ.

ಬಾಬಿನ್ ಖಾಲಿ: ಸುಮ್ನೆ ಹೆದರಿಸಬೇಡಿ. ಕಡಿಮೆ ಬಿಸಿ, ಮೇಲೆ ಒಂದು ಕಾಟನ್ ಬಟ್ಟೆ, ಅಷ್ಟೇ. ಬಯಾಸ್ ಬಿಟ್ಟು ಬೇರೇನಾದರೂ ಹೊಲಿದಿದ್ದೀರಾ ನೀವು?