ಪದಚರ್ಚೆ: ‘ಪಾಸ್ಟರಮ್ಮ’ ಅಂದರೆ ಯಾರು? ‘ನಾಯಕಿ’ಗೆ ಬೇರೆ ಮಾತು ಸಿಗುತ್ತದಾ?

ಎಲ್ಲರಿಗೂ ನಮಸ್ಕಾರ.

ಬೀದರಿನಿಂದ ಬರೆಯುತ್ತಿದ್ದೇನೆ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವುದು ನನ್ನ ಕೆಲಸ. ಇಲ್ಲಿನ ಮೆಥೋಡಿಸ್ಟ್ ಸಭೆಯ, ಅಂದರೆ ಚರ್ಚಿನ, ಹೆಣ್ಣುಮಕ್ಕಳ ಸಂಘಕ್ಕೂ ಹೋಗುತ್ತೇನೆ. ಹಾಗಾಗಿ ಇಂಗ್ಲಿಷಿನಲ್ಲಿ ಬಂದದ್ದನ್ನೆಲ್ಲ ಕನ್ನಡಕ್ಕೆ ಮಾಡಿಕೊಡುವ ಪಾಳಿ ನನ್ನದೇ. ಹೋದ ತಿಂಗಳು ಎಂಟು ಪುಟದ ಕೈಪಿಡಿಯೊಂದು ಬಂತು. ಹಳ್ಳಿ ಸಭೆಗಳಲ್ಲಿ ಚುರುಕಾಗಿರುವ ಹೆಂಗಸರಿಗೆ ಪ್ರಸಂಗ (ಧರ್ಮಬೋಧನೆ) ಮಾಡುವುದು, ಕೂಟ ನಡೆಸುವುದು, ಲೆಕ್ಕ ಇಡುವುದು ಕಲಿಸುವ ಮೂರು ದಿನದ ಶಿಬಿರಕ್ಕೆ ಬೇಕಾದದ್ದು. ತಲೆಬರಹ ‘ಡೆವಲಪಿಂಗ್ ವಿಮೆನ್ ಲೀಡರ್ಸ್ ಇನ್ ಮಿನಿಸ್ಟ್ರಿ’. ಒಳಗಿನ ಎಂಟು ಪುಟ ಎರಡು ದಿನದಲ್ಲಿ ಮುಗಿಯಿತು. ತಲೆಬರಹದ ಮುಂದೆ ಮೂರು ವಾರದಿಂದ ಕೂತಿದ್ದೇನೆ.

‘ಮಿನಿಸ್ಟ್ರಿ’ ಸುಲಭ. ಅದಕ್ಕೆ ನಮ್ಮಲ್ಲಿ ‘ಸೇವೆ’ ಅಂತಲೇ ರೂಢಿ. ನನ್ನ ವಿದ್ಯಾರ್ಥಿಯೊಬ್ಬ ಅವಸರದಲ್ಲಿ ಫೋನಿಗೆ ಹಾಕಿ ನೋಡಿದ. ‘ಸಚಿವಾಲಯದಲ್ಲಿ ಮಹಿಳಾ ನಾಯಕರ ಅಭಿವೃದ್ಧಿ’ ಅಂತ ಬಂತು. ವಿಧಾನಸೌಧದ ಸುತ್ತೋಲೆ ಓದಿದ ಹಾಗಾಯಿತು. ‘ಅಭಿವೃದ್ಧಿ’ಯನ್ನು ನಾನೂ ಬಿಟ್ಟೆ. ಕಲಬುರಗಿಯಲ್ಲಿ ಪ್ರದೇಶಾಭಿವೃದ್ಧಿ ಮಂಡಳಿ ಕೂತಿರುವ ಸೀಮೆ ಇದು. ಆ ಪದ ಕೇಳಿದರೆ ಜನ ರಸ್ತೆ, ಚರಂಡಿ, ಬಿಲ್ಲು ಅಂದುಕೊಳ್ಳುತ್ತಾರೆ. ‘ಬೆಳೆಸುವುದು’ ಅಂದರೆ ತೊಗರಿ ನೆನಪಾಗುತ್ತದೆ, ಆದರೂ ಕೆಟ್ಟದ್ದೇನಲ್ಲ. ‘ಪಳಗಿಸುವುದು’ ಹೋರಿಗೆ. ‘ತಯಾರು ಮಾಡುವುದು’ ನಮ್ಮ ಕಡೆ ಬಾಯಿಗೆ ತಾನಾಗಿ ಬರುವ ಮಾತು. ಅದನ್ನೇ ಇಟ್ಟಿದ್ದೇನೆ. ಇದರಲ್ಲಿ ಜಗಳವಿಲ್ಲ.

ಕಷ್ಟ ಬಂದದ್ದು ‘ಲೀಡರ್’ಗೆ.

ಮೊದಲ ಕರಡಿನಲ್ಲಿ ‘ನಾಯಕಿಯರು’ ಅಂತ ಬರೆದಿದ್ದೆ. ಗುರುವಾರದ ಕೂಟದಲ್ಲಿ ಓದಿ ತೋರಿಸಿದೆ. ಹಿಂದಿನ ಸಾಲಿನಲ್ಲಿ ಸೊಪ್ಪು ಸೋಸುತ್ತಾ ಕೂತಿದ್ದ ಒಬ್ಬರು ತಲೆ ಎತ್ತಿ, “ಅಕ್ಕೋರ, ನಾವೇನು ಪಿಚ್ಚರದಾಗ ಹೀರೋಯಿನ್ ಆಗ್ಲತ್ತೀವೇನ್ರಿ?” ಅಂದರು. ಇಡೀ ಕೂಟ ನಕ್ಕಿತು. ನಾನೂ ನಕ್ಕೆ. ಆದರೆ ಅವರು ಹೇಳಿದ್ದು ಸರಿ. ‘ನಾಯಕ’ ಅಂದರೆ ಸಿನಿಮಾದವನೂ ಹೌದು, ಪಕ್ಷದವನೂ ಹೌದು. ಯಾದಗಿರಿ ಕಡೆ ಹೋದರೆ ಸುರಪುರದ ದೊರೆಗಳೂ ನಾಯಕರೇ, ತಾಂಡಾದ ಹಿರಿಯನೂ ನಾಯಕನೇ. ‘ನಾಯಕಿ’ ಅಂದ ತಕ್ಷಣ ಇದೆಲ್ಲ ಉದುರಿಹೋಗಿ ಬರೀ ಸಿನಿಮಾ ಉಳಿಯುತ್ತದೆ. ಪತ್ರಿಕೆಯವರು ‘ಪ್ರತಿಪಕ್ಷದ ನಾಯಕಿ’ ಅಂತ ಬರೆದಾಗ ನಾವು ನಗುವುದಿಲ್ಲ ನಿಜ. ಅಲ್ಲಿ ಹಿಂದಿನ ಪದ ಕಾಪಾಡುತ್ತದೆ. ಒಂಟಿಯಾಗಿ ನಿಂತರೆ ಪದಕ್ಕೆ ಆ ಬಲ ಇಲ್ಲ.

ಸರಿ, ಹುದ್ದೆಯ ಹೆಸರನ್ನೇ ಹಿಡಿಯೋಣ ಅಂದುಕೊಂಡೆ. ಇಲ್ಲಿಂದ ನನ್ನ ನಿಜವಾದ ಪ್ರಶ್ನೆ ಶುರು.

ಕ್ರೈಸ್ತ ಬಳಕೆ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮಲ್ಲಿ ‘ಸಭೆ’ ಅಂದರೆ ಮೀಟಿಂಗ್ ಅಲ್ಲ, ಭಕ್ತರ ಕೂಟ, ಚರ್ಚು. ಅದನ್ನು ನೋಡಿಕೊಳ್ಳುವ ಪಾಸ್ಟರ್ ‘ಸಭಾಪಾಲಕ’. ಇದಕ್ಕೆ ಹೆಣ್ಣು ರೂಪ ಏನು? ಸಂಸ್ಕೃತದ ದಾರಿಯಲ್ಲಿ ಹೋದರೆ ‘ಪಾಲಿಕಾ’, ಕನ್ನಡಕ್ಕೆ ಬಂದರೆ ‘ಪಾಲಿಕೆ’. ‘ಸಭಾಪಾಲಿಕೆ’ ಅಂತ ಬೋರ್ಡು ಹಾಕಿದರೆ ಜನ ನೀರಿನ ಕರ ಕಟ್ಟಲು ಬಂದಾರು. ಆದ್ದರಿಂದ ಶಿಕ್ಷಕ-ಶಿಕ್ಷಕಿ, ಲೇಖಕ-ಲೇಖಕಿ ಜಾಡಿನಲ್ಲಿ ‘ಸಭಾಪಾಲಕಿ’ ಅನ್ನಬೇಕು. ವ್ಯಾಕರಣ ಒಪ್ಪುತ್ತದೆ. ನಮ್ಮ ಕೂಟದಲ್ಲಿ ಯಾರ ಬಾಯಿಗೂ ಅದು ಹತ್ತಲಿಲ್ಲ.

ಹತ್ತಿರುವ ಪದ ‘ಪಾಸ್ಟರಮ್ಮ’. ಆದರೆ ಪಾಸ್ಟರಮ್ಮ ಅಂದರೆ ಪಾಸ್ಟರನ ಹೆಂಡತಿ! ಹಾರ್ಮೋನಿಯಂ ಪೆಟ್ಟಿಗೆಯ ಬೀಗದ ಕೈ ಇಟ್ಟುಕೊಳ್ಳುವವರು, ಭಾನುವಾರದ ಮಕ್ಕಳ ಶಾಲೆ ನಡೆಸುವವರು, ಯಾರ ಮನೆಯಲ್ಲಿ ಹೆರಿಗೆ ಯಾರ ಮನೆಯಲ್ಲಿ ಸಾವು ಅಂತ ಮೊದಲು ತಿಳಿಯುವವರು. ಕೆಲಸ ಎಲ್ಲಾ ಇದೆ, ಹೆಸರು ಮಾತ್ರ ಗಂಡನದು. ಈಗ ದೀಕ್ಷೆ ಪಡೆದ ಹೆಣ್ಣುಮಗಳೇ ಪಾಸ್ಟರ್ ಆಗಿ ಬಂದರೆ ಅವರನ್ನೂ ಪಾಸ್ಟರಮ್ಮ ಅಂದರೆ ಯಾರು ಯಾರು ಅಂತ ತಿಳಿಯಬೇಕಲ್ಲ?

ಇದನ್ನೇ ಯೋಚಿಸುತ್ತಾ ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ತಪ್ಪಿದ್ದರೆ ತಿದ್ದಿ. ಕನ್ನಡದಲ್ಲಿ ಅಧಿಕಾರದ ಪದಕ್ಕೆ ಹೆಣ್ಣು ಪ್ರತ್ಯಯ ಹತ್ತಿಸಿದರೆ ಜಾಸ್ತಿ ಪಾಲು ಹೆಂಡತಿ ಹುಟ್ಟುತ್ತಾಳೆ. ಗೌಡತಿ ಗೌಡನ ಹೆಂಡತಿ. ಸಾವಕಾರ್ತಿ ಸಾವಕಾರನ ಹೆಂಡತಿ. ಪಾಸ್ಟರಮ್ಮನೂ ಅದೇ ಸಾಲು. ದುಡಿಮೆಯ ಪದಕ್ಕೆ ಹತ್ತಿಸಿದರೆ ಮಾತ್ರ ದುಡಿಯುವವಳೇ ಬರುತ್ತಾಳೆ. ಹೂವಾಡಗಿತ್ತಿ ತಾನೇ ಹೂವು ಮಾರುತ್ತಾಳೆ. ಸೂಲಗಿತ್ತಿಗಂತೂ ಗಂಡು ರೂಪವೇ ಇಲ್ಲ. ನಮ್ಮ ಕಡೆಯ ‘ಅಕ್ಕೋರು’ ಕೂಡ ಹಾಗೇ, ಶಾಲೆಯಲ್ಲಿ ಕಲಿಸುವಾಕೆಯೇ ಅಕ್ಕೋರು, ಮಾಸ್ತರನ ಹೆಂಡತಿ ಅಲ್ಲ. ಇತ್ತೀಚಿನದು ‘ಅಧ್ಯಕ್ಷೆ’. 73ನೇ ತಿದ್ದುಪಡಿ 1993ರಲ್ಲಿ ಜಾರಿಯಾದ ಮೇಲೆ ಪಂಚಾಯಿತಿಗಳಲ್ಲಿ ಮೂರನೇ ಒಂದು ಪಾಲು ಹೆಂಗಸರಿಗೆ ಬಂತಲ್ಲ, ಈ ಪದ ಹಳ್ಳಿ ಹಳ್ಳಿಗೂ ಹೋಯಿತು. ಖುರ್ಚಿಯಲ್ಲಿ ಗಂಡ ಕೂತಿರುತ್ತಾನೆ ಅನ್ನುವ ಜೋಕು ಎಲ್ಲರಿಗೂ ಗೊತ್ತು. ಆದರೂ ಪದದ ಮಟ್ಟಿಗೆ ಅಧ್ಯಕ್ಷೆ ಅಂದರೆ ಅಧ್ಯಕ್ಷನ ಹೆಂಡತಿ ಅಂತ ಯಾರೂ ತಿಳಿಯುವುದಿಲ್ಲ.

ಹಾಗಾದರೆ ‘ಸಭಾಧ್ಯಕ್ಷೆ’ ಆಗಬಹುದಲ್ಲ ಅಂತೀರಿ. ಆಗಲ್ಲ. ಕನ್ನಡ ಬೈಬಲಿನಲ್ಲಿ ‘ಸಭಾಧ್ಯಕ್ಷ’ ಅಂದರೆ ಬಿಷಪ್ ಮಟ್ಟದವರು. ಹೊರಗಿನವರಿಗೆ ಅದು ವಿಧಾನಸಭೆಯ ಸ್ಪೀಕರ್. ಎರಡೂ ಕಡೆ ಹೆಂಗಸರು ಆಗಿದ್ದಾರೆ ಬಿಡಿ. ಕೆ.ಎಸ್. ನಾಗರತ್ನಮ್ಮ 1972ರಲ್ಲೇ ನಮ್ಮ ವಿಧಾನಸಭೆಯ ಸ್ಪೀಕರ್ ಆದರು. ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್ಐ, 2013ರಲ್ಲಿ ಪುಷ್ಪ ಲಲಿತ ಅವರನ್ನು ನಂದ್ಯಾಲದ ಬಿಷಪ್ ಮಾಡಿತು. ಆದರೆ ನಮ್ಮ ಶಿಬಿರಕ್ಕೆ ಬರುವವರು ಹತ್ತು ಮನೆಯ ಸಭೆ ನೋಡಿಕೊಳ್ಳುವವರು. ಅಷ್ಟು ದೊಡ್ಡ ಪೇಟ ಈಗಲೇ ಬೇಡ.

ಉಳಿದದ್ದು ‘ಸೇವಕಿ’. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಬೈಬಲಿನಲ್ಲಿ ಪೌಲನು ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರದ ಮೊದಲ ವಚನದಲ್ಲಿ ‘ಸಭಾಸೇವಕರು’ ಬರುತ್ತಾರೆ. ಮೂಲ ಗ್ರೀಕಿನಲ್ಲಿ ಅದು ‘ದಿಯಾಕೊನೊಸ್’. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯದ ಶುರುವಿನಲ್ಲಿ ಫೊಯಿಬೆ ಅನ್ನುವ ಹೆಣ್ಣುಮಗಳಿಗೂ ಅದೇ ಪದ, ‘ದಿಯಾಕೊನೊಸ್’. ಗ್ರೀಕಿನಲ್ಲಿ ಬೇರೆ ಹೆಣ್ಣು ರೂಪವನ್ನೇ ಹಾಕಿಲ್ಲ. ಆದರೆ ನಮ್ಮ ಕಿವಿಗೆ ‘ಸಭಾಸೇವಕ’ ಒಂದು ಹುದ್ದೆ, ‘ಸೇವಕಿ’ ಅಂದರೆ ಕಂಪನಿ ನಾಟಕದಲ್ಲಿ ರಾಣಿಗೆ ಗಾಳಿ ಬೀಸುವವಳು. ‘ದೇವರ ಸೇವಕರು’ ಅಂದರೆ ಎದ್ದು ನಿಲ್ಲುತ್ತೇವೆ. ‘ಸೇವಕಿ’ ಅಂದರೆ ಕಸಬರಿಗೆ ಹುಡುಕುತ್ತೇವೆ. ಒಂದೇ ಧಾತು, ಒಂದೇ ಕೆಲಸ.

ಇದು ನನಗೆ ಬರೀ ಪುಸ್ತಕದ ಮಾತಲ್ಲ. ನಮ್ಮ ಆಯಿ, ಅಂದರೆ ಅಜ್ಜಿ, ಹಳ್ಳಿ ಹಳ್ಳಿಗೆ ಹೋಗಿ ಹೆಂಗಸರಿಗೆ ಬೈಬಲ್ ಹೇಳಿಕೊಡುವ ‘ಬೈಬಲ್ ವುಮನ್’ ಆಗಿದ್ದಳು. ಬಟ್ಟೆ ಚೀಲ, ಕಂದೀಲು, ಒಂದು ಜೊತೆ ಚಪ್ಪಲಿ. ಚಪ್ಪಲಿ ಸವೆಯಬಾರದು ಅಂತ ಊರು ಬರುವವರೆಗೆ ಕೈಯಲ್ಲಿ ಹಿಡಿದು ನಡೆಯುತ್ತಿದ್ದಳಂತೆ. ಮೂರು ಹಳ್ಳಿಯ ಹೆಂಗಸರಿಗೆ ಅಕ್ಷರ ಕಲಿಸಿದ್ದಾಳೆ. ಹಳ್ಳಿಯವರು ‘ಬಾಯೋರು’ ಅನ್ನುತ್ತಿದ್ದರು. ಅಜ್ಜ ಉಪದೇಶಿ. ಕೆಲವು ವರ್ಷದ ಹಿಂದೆ ಒಂದು ಸಭೆಯ ಹಳೆಯ ರಿಜಿಸ್ಟರ್ ನೋಡುವ ಅವಕಾಶ ಸಿಕ್ಕಿತು. ಅಜ್ಜನ ಹೆಸರಿನ ಮುಂದೆ ನೀಲಿ ಶಾಯಿಯಲ್ಲಿ ‘ಉಪದೇಶಿ’ ಅಂತಿದೆ. ಕೆಳಗಿನ ಸಾಲಿನಲ್ಲಿ ಆಯಿಯ ಹೆಸರಿಲ್ಲ. ‘ಉಪದೇಶಿಯ ಪತ್ನಿ’ ಅಂತಿದೆ, ಮುಂದೆ ತಿಂಗಳ ಸಂಬಳ. ಸಂಬಳ ಕೊಟ್ಟವರಿಗೆ ಅದು ಕೆಲಸ ಅಂತ ಗೊತ್ತಿತ್ತು. ಬರೆಯಲು ಪದ ಸಿಗಲಿಲ್ಲ ಅಷ್ಟೇ. ಬೆರಳಿಟ್ಟು ಆ ಸಾಲನ್ನು ಎರಡು ಸಲ ಓದಿದೆ.

ಇಂಗ್ಲಿಷಿನವರೂ ಈ ವಿಷಯದಲ್ಲಿ ಬುದ್ಧಿವಂತರೇನಲ್ಲ. ಇಸಾಬೆಲ್ಲಾ ಥೋಬರ್ನ್ ಅಮೆರಿಕದಿಂದ ಬಂದು 1870ರಲ್ಲಿ ಲಖನೌದಲ್ಲಿ ಆರು ಹುಡುಗಿಯರನ್ನಿಟ್ಟುಕೊಂಡು ಶಾಲೆ ತೆರೆದರು. ಅಮೆರಿಕದ ಮೆಥೋಡಿಸ್ಟ್ ಸಭೆ ‘ಡೀಕನೆಸ್’ (ಹೆಣ್ಣು ಸಭಾಸೇವಕಿ) ಅನ್ನುವ ಹುದ್ದೆಯನ್ನು ಒಪ್ಪಿದ್ದು 1888ರಲ್ಲಿ. ಹೆಂಗಸರಿಗೆ ಪಾಸ್ಟರುಗಳ ಪೂರ್ತಿ ಹಕ್ಕು ಕೊಟ್ಟದ್ದು 1956ರಲ್ಲಿ. ನಮ್ಮ ಬೀದರ್ ಹೈದರಾಬಾದ್ ರಾಜ್ಯದಿಂದ ಮೈಸೂರಿಗೆ ಸೇರಿದ ವರ್ಷವೂ ಅದೇ, ಸುಮ್ನೆ ನೆನಪಿಗೆ ಹೇಳಿದೆ.

ಇನ್ನೊಂದು ದಾರಿ ಪಕ್ಕದಲ್ಲೇ ಇದೆ. ಮಾತೆ ಮಹಾದೇವಿಯವರು 1970ರಲ್ಲಿ ಪೀಠ ಏರಿದಾಗ ‘ಜಗದ್ಗುರು’ವಿಗೆ ಹೆಣ್ಣು ರೂಪ ಹುಡುಕಲಿಲ್ಲ. ಜಗದ್ಗುರು ಹಾಗೇ ಉಳಿಯಿತು, ಜೊತೆಗೆ ‘ಮಾತೆ’ ನಿಂತಿತು. ಬಸವಕಲ್ಯಾಣ ಇರುವ ಜಿಲ್ಲೆಯಲ್ಲಿ ಇದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಅದೇ ರೀತಿ ‘ಪಾಸ್ಟರ್ ಅಕ್ಕೋರು’ ಅಂದರೆ ಹೇಗೆ? ಕೂಟದಲ್ಲಿ ಕೇಳಿದೆ. ಹರೆಯದವರು ಒಪ್ಪಿದರು. ವಯಸ್ಸಾದವರು “ಅಕ್ಕೋರು ಅಂದ್ರ ಸಾಲಿ ನೆಪ್ಪಾಗ್ತದ” ಅಂದರು.

ತಲೆಬರಹಕ್ಕೆ ಸದ್ಯಕ್ಕೆ ನನ್ನ ಮನಸ್ಸು ‘ಮುಂದಾಳು’ ಕಡೆ ವಾಲಿದೆ. ಫೊಯಿಬೆಗೆ ಎರಡನೇ ವಚನದಲ್ಲಿ ಇನ್ನೊಂದು ಪದ ಹಾಕಿದ್ದಾನೆ ಪೌಲ, ‘ಪ್ರೊಸ್ತಾತಿಸ್’. ಬಹಳ ಜನರಿಗೆ ನೆರವಾದವಳು, ಆಶ್ರಯ ಕೊಟ್ಟವಳು ಅಂತ ಅರ್ಥ. ಅಕ್ಷರಕ್ಕೆ ಅಕ್ಷರ ಬಿಡಿಸಿದರೆ ‘ಮುಂದೆ ನಿಂತವಳು’. ನಮ್ಮ ಹೆಂಗಸರು ಹೊಗಳುವುದೂ ಹೀಗೇ: “ಆಕಿ ಎಲ್ಲಾದ್ರಾಗ ಮುಂದ ನಿಂತು ಮಾಡ್ತಾಳ.” ಮುಂದಾಳಿನಲ್ಲಿ ‘ಆಳು’ ಇದೆ, ಅದಕ್ಕೆ ಹೆಣ್ಣು ಗಂಡು ಇಲ್ಲ. ‘ನಮ್ಮ ಅತ್ತಿಗೆ ಒಳ್ಳೆ ಮುಂದಾಳು’ ಅಂದರೆ ವ್ಯಾಕರಣವೂ ಮುಗ್ಗರಿಸುವುದಿಲ್ಲ. ಹಾಗಾಗಿ ‘ಸಭೆಯ ಸೇವೆಗೆ ಹೆಣ್ಣು ಮುಂದಾಳುಗಳನ್ನು ತಯಾರು ಮಾಡುವುದು’. ಉದ್ದ ಆಯಿತು, ಅಲ್ವಾ? ನನ್ನ ಅನುಮಾನ ಇಷ್ಟೇ, ಮುಂದಾಳು ಬರಹದ ಕನ್ನಡ. ಮೈಸೂರು ಕಡೆಯವರು ಇದನ್ನು ಮಾತಿನಲ್ಲಿ ಬಳಸುತ್ತೀರಾ? ಮಂಗಳೂರಿನ ಕ್ರೈಸ್ತ ಸಭೆಗಳಲ್ಲಿ, ಧಾರವಾಡದಲ್ಲಿ, ಬಳ್ಳಾರಿಯಲ್ಲಿ ಹೆಣ್ಣು ಪಾಸ್ಟರ್ ಬಂದರೆ ಬಾಯಿಮಾತಿನಲ್ಲಿ ಏನಂತ ಕರೆಯುತ್ತೀರಿ? ‘ಸಭಾಪಾಲಕಿ’ ಯಾರಾದರೂ ನಿಜವಾಗಿ ಆಡಿದ್ದು ಕೇಳಿದ್ದೀರಾ?

ಸ್ವಲ್ಪ ಅವಸರ ಇದೆ. ಶಿಬಿರದ ಕೊನೆಯ ದಿನ ಮಾತಾಡಲು ಹೆಣ್ಣು ಪಾಸ್ಟರ್ ಒಬ್ಬರು ಕಲಬುರಗಿ ಕಡೆಯಿಂದ ಬರುತ್ತಿದ್ದಾರೆ, ಗಂಡನ ಜೊತೆ. ಗಂಡ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ. ಆಮಂತ್ರಣ ಪತ್ರಿಕೆ ಪ್ರೆಸ್ಸಿಗೆ ಹೋಗಬೇಕು. ನಮ್ಮ ಸಂಘದ ಖಜಾಂಚಿ ದಿನಾ ಕೇಳುತ್ತಿದ್ದಾರೆ: “ಅಕ್ಕೋರ, ಪಾಸ್ಟರಮ್ಮನ ಗಂಡಗ ಏನ್ ಬರೀಲಿ?”