ತಲೆಗೆ ಪೆಟ್ಟಾದ ಮ್ಯಾಲೆ ಹೋಗದ ತಲೆನೋವು, ಸುತ್ತು: ಧ್ಯಾನ, ಉಸಿರಾಟದ ಪ್ರಶ್ನೋತ್ತರ (ಮಾತಾಡಿದವರನ್ನ ಊರಿನ ಹೆಸರಿಲೆ ಕರದೈತಿ)

ಇಂಡಿ: ಡಾಕ್ಟರ್ ಸಾಹೇಬ್ರ, ನಮ್ಮ ಅಕ್ಕ ಸಾಲಿ ಟೀಚರ್. ಸ್ಕೂಟಿ ಮ್ಯಾಲಿಂದ ಬಿದ್ದು ನಾಕು ತಿಂಗಳಾತು. ಸ್ಕ್ಯಾನ್ ನಾರ್ಮಲ್. ತಲೆನೋವು ಹೋಗವಲ್ದು, ಪೇಪರ್ ತಿದ್ದಾಕ ಆಗವಲ್ದು. ಧ್ಯಾನಕ್ಕ ಕಣ್ಣ ಮುಚ್ಚಿದ್ರ ತಲಿ ಗಿರ್ರ್ ಅಂತೈತಂತ.

ಡಾಕ್ಟರ್: ಕಣ್ಣ ಮುಚ್ಚಿದ್ರ ಸುತ್ತು ಬರೋದು ಭಾಳ ಮುಖ್ಯ ಸುಳಿವು. ಪೆಟ್ಟಿನಿಂದ ಒಳಗಿವಿಯ ಲೆಕ್ಕ ತಪ್ಪಿದ್ರ ಮೆದುಳು ಸಮತೋಲಕ್ಕ ಕಣ್ಣನ್ನ ನಂಬತೈತಿ. ಮುಚ್ಚಿದ್ರ ಆ ಆಸರೆನೂ ಹೋತು. ಕಣ್ಣ ತೆರೆದ ಮಾಡಸ್ರಿ. ಬೆನ್ನಿಗೆ ಆಸರೆ ಇರೋ ಕುರ್ಚಿ, ಎರಡೂ ಪಾದ ನೆಲಕ್ಕ, ಆರಡಿ ದೂರ ಗ್ವಾಡಿ ಮ್ಯಾಲೆ ಒಂದು ಬೊಟ್ಟು. ಅದನ್ನ ನೋಡಕೋತ ಮೂಗಿಲೆ 4 ಸೆಕೆಂಡ್ ಉಸಿರು ಒಳಗ, 6 ಸೆಕೆಂಡ್ ಹೊರಗ. ಮೊದಲ 3 ನಿಮಿಷ ಸಾಕು, ದಿನಕ್ಕ ಎರಡು ಸಲ. ಹಿಡಿಯೋದು ಬ್ಯಾಡ, ಜೋರಾಗಿ ಎಳಿಯೋದು ಬ್ಯಾಡ. ಹಂಗ ಎಳೆದ್ರ ರಕ್ತದಾಗ ಕಾರ್ಬನ್ ಡೈಆಕ್ಸೈಡ್ ಇಳಿದು ತುಟಿ ಜುಮ್ ಅಂತಾವು, ಸುತ್ತು ಹೆಚ್ಚಾಗ್ತೈತಿ. ಆಮ್ಯಾಲೆ ಭುಜ 5 ಸೆಕೆಂಡ್ ಬಿಗಿ ಹಿಡಿದು 10 ಸೆಕೆಂಡ್ ಸಡಿಲ ಬಿಡ್ಲಿ.

ಇದರಿಂದ ನಿದ್ದಿ, ಕಳವಳ ಸುಧಾರಿಸಿ ನೋವಿನ ಕಾಟ ಇಳಿಬಹುದು. ಆದ್ರ ಇದರಿಂದ ಒಳಗಿವಿ ಸರಿ ಆಗಂಗಿಲ್ಲ, ಅದಕ್ಕ ಸಮತೋಲ ತಿದ್ದೋ ವೆಸ್ಟಿಬ್ಯುಲರ್ ವ್ಯಾಯಾಮ ಬ್ಯಾರೆ ಅದಾವು. ಹಾಸಿಗ್ಯಾಗ ಮಗ್ಗಲ ಹೊರಳಿದಾಗೂ ಗಿರ್ರ್ ಅಂತೈತೇನು ಕೇಳ್ರಿ. ಹಂಗಿದ್ರ ಒಳಗಿವಿಯ ಸಣ್ಣ ಹರಳು ಜಾಗ ಬಿಟ್ಟು ಜಾರಿರಬಹುದು, ತಲಿನ್ನ ಹಂತ ಹಂತವಾಗಿ ಹೊರಳಿಸೋ ಎಪ್ಲಿ ವಿಧಾನದಿಂದ ಸರಿ ಮಾಡ್ತಾರ. ಪೇಪರ್ ತಿದ್ದೋವಾಗ ನೋವು ಹತ್ತು ಅಂಕದ ಅಳತ್ಯಾಗ ಎರಡು ಅಂಕ ಏರಿದ್ರ ಬಿಟ್ಟು ಏಳ್ಬೇಕು. ನೋವಿನ ಗುಳಿಗಿ ತಿಂಗಳಿಗೆ 15 ದಿನಾ ನುಂಗಕೋತ ಹೋದ್ರ ಗುಳಿಗಿನ ತಲೆನೋವು ತರ್ತೈತಿ. ಎಷ್ಟ ತಗೋತಾರ ಬರೀರಿ.

ಚಡಚಣ: ಎಪ್ಲಿ ಮನ್ಯಾಗ ಮಾಡಬಹುದೇನ್ರಿ?

ಬಾದಾಮಿ: ಫಾರ್ವರ್ಡ್ ಬಂದೈತಿ ನೋಡ್ರಿ: ದಿನಾ 100 ಕಪಾಲಭಾತಿ, ಮೂಗಿಗೆ ಬೆಚ್ಚನ ತುಪ್ಪ, 21 ದಿನಕ್ಕ ಗುಣ.

ಡಾಕ್ಟರ್: ಇದು ಮತ್ತ ಬಂತಲ್ಲ! ಪೆಟ್ಟಾದ ಮ್ಯಾಲೆ ಮೂಗಿಲೆ ತಿಳಿನೀರು ಸೋರಿದ್ರ ಅದು ಮೆದುಳಿನ ಸುತ್ತಲಿನ ದ್ರವ ಇರಬಹುದು. ಆ ದಾರ್ಯಾಗ ತುಪ್ಪ ಹಾಕಿದ್ರ ಸೋಂಕು ಒಳಗ ಹೋಗ್ತೈತಿ. ಲಕ್ಷಣ ಇರೋತನಕ ಜೋರಾಗಿ ಉಸಿರಾಡೋ ಕಪಾಲಭಾತಿ, ಭಸ್ತ್ರಿಕಾ, ತಲಿ ಕೆಳಗ ಮಾಡೋ ಆಸನ ಯಾವೂ ಬ್ಯಾಡ.

ಹುನಗುಂದ: ಸರ್, ಶೀರ್ಷಾಸನ ನಡಿತೈತ್ರಿ?

ಡಾಕ್ಟರ್: ಬ್ಯಾಡ. ಮ್ಯಾಲ ಓದ್ರಿ.

ಬಾದಾಮಿ: ಯೋಗದಿಂದ ಯಾರಿಗೂ ಕೆಟ್ಟದ್ದಾಗಿಲ್ಲ. ನಮ್ಮ ಹಿರಿಯಾರಿಗೆ ತಿಳಿದಿದ್ದಿಲ್ಲೇನು?

ಗೋಕಾಕ: ಹಿರಿಯಾರು ಗುರು ಮುಂದ ಕುಂತು ಕಲ್ತಾರ, ನೀವು ಮೊಬೈಲ್ ನೋಡಿ ಊರಿಗೆಲ್ಲಾ ಹಂಚಾಕತ್ತೀರಿ.

ಅಥಣಿ: ತಮ್ಮಗ ಗರಡ್ಯಾಗ ಪೆಟ್ಟಾಗಿ ಹತ್ತು ದಿನಾತು. ಇನ್ನೂ ಸ್ವಲ್ಪ ತಲಿ ಭಾರ. ಜಾತ್ರಿ ಕುಸ್ತಿ ಹಿಡಿಬಹುದಾ?

ಡಾಕ್ಟರ್: ಇಲ್ಲ. ಮೊದಲಿನ ಪೆಟ್ಟು ಮಾಯೋದ್ರಾಗ ಇನ್ನೊಂದು ಬಿದ್ರ ಜೀವಕ್ಕ ಅಪಾಯ. ಸಪಾಟ ದಾರ್ಯಾಗ ನೋವು ಏರದಷ್ಟು ವೇಗದಾಗ 15 ನಿಮಿಷ ನಡೀಲಿ.

ಜಮಖಂಡಿ: ಅಪ್ಪಾರಿಗೆ 70. ಬಚ್ಚಲದಾಗ ಜಾರಿ ಬಿದ್ದು ಮೂರು ವಾರ. ಅವತ್ತ ಸ್ಕ್ಯಾನ್ ಚಲೋ ಇತ್ತು. ಹಾರ್ಟಿಗೆ ರಕ್ತ ತೆಳು ಮಾಡೋ ಗುಳಿಗಿ ನಡದೈತಿ. ನಾಕು ದಿನದಿಂದ ಬರೇ ಮಲಗ್ತಾರ, ಎಡಗಾಲ ಎಳಿತಾರ. ಯಾವ ಪ್ರಾಣಾಯಾಮ ಚಲೋರಿ?

ಡಾಕ್ಟರ್: ಯಾವುದೂ ಬ್ಯಾಡ! ತಲೆಬುರುಡಿ ಒಳಗ ರಕ್ತ ನಿಧಾನಕ್ಕ ಜಮಾ ಆಗಿರಬಹುದು. ಮೊದಲ ಸ್ಕ್ಯಾನ್‌ನ್ಯಾಗ ಕಾಣಲಾರದ್ದು ವಾರಗಳ ಮ್ಯಾಲೆ ಕಾಣತೈತಿ. ಈಗಿಂದೀಗ ಸಿಟಿ ಸ್ಕ್ಯಾನ್ ಇರೋ ದೊಡ್ಡ ಆಸ್ಪತ್ರಿಗೆ ಕರ್ಕೊಂಡ ಹೋಗ್ರಿ. ಗುಳಿಗಿ ಚೀಟಿ ಜೊತಿಗಿರ್ಲಿ. ಗುಳಿಗಿ ನಿಲ್ಲಿಸೋದು ಅಲ್ಲಿಯವರು ಹೇಳ್ತಾರ.

ಬಾದಾಮಿ: ಇಂಗ್ಲಿಷ್ ಔಷಧದವರು ಹೆದರಿಸೋದ ಇಷ್ಟ.

ಗೋಕಾಕ: ಸುಮ್ಮನಿರ್ರಿ ಒಂದೀಟು!

ಡಾಕ್ಟರ್: ಇಬ್ಬರೂ ನಿಲ್ಲಿಸ್ರಿ. ಜಮಖಂಡಿಯವರ, ಗಾಡಿ ಸಿಕ್ತೇನ್ರಿ? 108ಕ್ಕ ಹಚ್ರಿ.